ಫೀಲ್ಡ್ ಮಾರ್ಷಲ್ ವಿಲಿಯಂ ಸ್ಲಿಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಬರ್ಮಾ ಯುದ್ಧದ ಮಾತು ಬಂದಾಗಲೆಲ್ಲ ನಾನು ಸ್ಲಿಮ್ ಹೆಸರು ಎತ್ತುತ್ತೇನೆ. ಆಗೆಲ್ಲ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು ಬರುತ್ತವೆ. ಎದುರು ಕೂತು ಕೇಳಿದವರಿದ್ದಾರೆ, ಪತ್ರ ಬರೆದು ಕೇಳಿದವರಿದ್ದಾರೆ, ಜಗಳಕ್ಕೇ ನಿಂತವರೂ ಇದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಯುದ್ಧದ ವಿವರ ಗೊತ್ತಿರುವವರು ನೇರವಾಗಿ ಕೆಳಗಿನ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಯಾರು ಈ ಸ್ಲಿಮ್? ನಾನು ಹೆಸರೇ ಕೇಳಿಲ್ಲ.

ಎರಡನೇ ಮಹಾಯುದ್ಧದಲ್ಲಿ ಜಪಾನೀಯರನ್ನು ಇಂಫಾಲ ಮತ್ತು ಕೊಹಿಮಾದಲ್ಲಿ ತಡೆದು, ಆಮೇಲೆ ಬರ್ಮಾದಿಂದ ಹೊರಹಾಕಿದ 14ನೇ ಸೇನೆಯ ದಂಡನಾಯಕ. ಪೂರ್ತಿ ಹೆಸರು ವಿಲಿಯಂ ಜೋಸೆಫ್ ಸ್ಲಿಮ್. ಹುಟ್ಟಿದ್ದು 1891ರ ಆಗಸ್ಟ್ 6, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ತೀರಿಕೊಂಡದ್ದು 1970ರ ಡಿಸೆಂಬರ್ 14, ಲಂಡನ್ನಿನಲ್ಲಿ. ಮೊದಲ ಯುದ್ಧಕ್ಕೆ ಹೋದಾಗ ತಾತ್ಕಾಲಿಕ ಸೆಕೆಂಡ್ ಲೆಫ್ಟಿನೆಂಟ್. ಎರಡನೇ ಯುದ್ಧ ಮುಗಿದಾಗ ಜನರಲ್. ಸೈನಿಕರು ಅವರನ್ನು 'ಅಂಕಲ್ ಬಿಲ್' ಎಂದು ಕರೆಯುತ್ತಿದ್ದರು.

ಬ್ರಿಟಿಷ್ ಅಧಿಕಾರಿಯ ಕಥೆ ಕಟ್ಕೊಂಡು ನಮಗೇನಾಗಬೇಕು?

ಇದನ್ನೇ ಎಲ್ಲರೂ ಮೊದಲು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಕೂಡ. ಸ್ಲಿಮ್ ಅವರ ಸೇನೆಯಲ್ಲಿ ಹೆಚ್ಚಿನವರು ನಮ್ಮವರು. ಪಂಜಾಬಿಗಳು, ಮದರಾಸಿಗಳು, ಮರಾಠರು, ಗಢವಾಲಿಗಳು, ಅಸ್ಸಾಮಿನವರು, ಜೊತೆಗೆ ನೇಪಾಳದ ಗೂರ್ಖಾಗಳು ಮತ್ತು ಆಫ್ರಿಕಾದಿಂದ ಬಂದವರು. ದೊಡ್ಡ ಕದನ ನಡೆದದ್ದು ನಮ್ಮದೇ ಮಣಿಪುರ ಮತ್ತು ನಾಗಾಲ್ಯಾಂಡಿನ ಗುಡ್ಡಗಳಲ್ಲಿ. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯ ಕಂಪನಿಗಳೂ ಬರ್ಮಾದಲ್ಲಿ ರಸ್ತೆ ಮಾಡಿ, ಸೇತುವೆ ಕಟ್ಟಿದವು. ಸ್ಲಿಮ್ ಕಥೆ ಬಿಟ್ಟರೆ ಇವರ ಕಥೆಯ ಅರ್ಧ ಕೈಬಿಟ್ಟ ಹಾಗೆ.

ದೊಡ್ಡ ಮನೆತನದವರಾ? ಆಗ ಅಧಿಕಾರಿಗಳೆಲ್ಲ ಶ್ರೀಮಂತರ ಮಕ್ಕಳೇ ಅಲ್ವಾ?

ಅಲ್ಲ. ತಂದೆ ಕಬ್ಬಿಣದ ಸಾಮಾನಿನ ವ್ಯಾಪಾರಿ. ವ್ಯಾಪಾರ ಚೆನ್ನಾಗಿ ನಡೆಯಲಿಲ್ಲ. ಕುಟುಂಬ ಬರ್ಮಿಂಗ್‌ಹ್ಯಾಂಗೆ ಬಂತು. ಇಬ್ಬರು ಗಂಡುಮಕ್ಕಳನ್ನೂ ಕಾಲೇಜಿಗೆ ಕಳಿಸುವಷ್ಟು ದುಡ್ಡು ಮನೆಯಲ್ಲಿ ಇರಲಿಲ್ಲ. ಅಣ್ಣ ವೈದ್ಯಕೀಯ ಓದಿದ. ವಿಲಿಯಂ ಬಡವರ ಕೇರಿಯ ಶಾಲೆಯಲ್ಲಿ ಮೇಷ್ಟ್ರಾದರು, ಆಮೇಲೆ ಲೋಹದ ಕೊಳವೆ ಮಾಡುವ ಕಂಪನಿಯೊಂದರಲ್ಲಿ ಗುಮಾಸ್ತರಾದರು.

ಸೇನೆಯ ಆಸೆ ಮಾತ್ರ ಬಿಡಲಿಲ್ಲ. 1912ರಲ್ಲಿ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಅಧಿಕಾರಿ ತರಬೇತಿ ದಳಕ್ಕೆ ಸೇರಿಕೊಂಡರು. ಅವರು ಅಲ್ಲಿನ ವಿದ್ಯಾರ್ಥಿಯೇ ಅಲ್ಲ! ಹೇಗೋ ಒಳಗೆ ಬಂದರು. ಆ ದಳ ಇಲ್ಲದಿದ್ದರೆ 1914ರಲ್ಲಿ ಅವರಿಗೆ ಅಧಿಕಾರಿಯ ಹುದ್ದೆ ಸಿಗುವುದು ಕಷ್ಟವಿತ್ತು.

## ಮೊದಲ ಯುದ್ಧ, ಮತ್ತು ನಡುವಿನ 20 ವರ್ಷ

ಮೊದಲ ಮಹಾಯುದ್ಧದಲ್ಲಿ ಎಲ್ಲೆಲ್ಲಿ ಹೋರಾಡಿದರು? ಫ್ರಾನ್ಸಿನಲ್ಲಾ?

ಫ್ರಾನ್ಸಿನಲ್ಲಿ ಅಲ್ಲ. 1914ರ ಆಗಸ್ಟ್ 22ರಂದು ರಾಯಲ್ ವಾರಿಕ್‌ಶೈರ್ ರೆಜಿಮೆಂಟಿಗೆ ಸೇರಿದರು. 1915ರಲ್ಲಿ ತುರ್ಕಿಯ ಗಲಿಪೊಲಿಗೆ ಹೋದರು. ಆಗಸ್ಟಿನಲ್ಲಿ ಸಾರಿ ಬೈರ್ ಬೆಟ್ಟದ ಸಾಲಿನ ಮೇಲೆ ದಾಳಿ ನಡೆಯಿತು. ಅಲ್ಲಿ 6ನೇ ಗೂರ್ಖಾ ರೈಫಲ್ಸ್ ಪಕ್ಕದಲ್ಲೇ ನಿಂತು ಕಾದಾಡಿದರು. ಗುಂಡು ಎದೆಗೆ ಹೊಕ್ಕಿತು, ಬದುಕಿದ್ದೇ ಹೆಚ್ಚು.

ಚೇತರಿಸಿಕೊಂಡು 1916ರಲ್ಲಿ ಮೆಸಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ ಹೋದರು. 1917ರಲ್ಲಿ ಅಲ್ಲಿ ಇನ್ನೊಮ್ಮೆ ಗಾಯ. ಆ ಹೋರಾಟಕ್ಕೆ ಮಿಲಿಟರಿ ಕ್ರಾಸ್ ಪದಕ ಬಂತು. ಚಿಕಿತ್ಸೆಗೆಂದು ಅವರನ್ನು ಭಾರತಕ್ಕೆ ಕಳಿಸಿದರು. ಮುಂದಿನದೆಲ್ಲ ಆ ಪ್ರಯಾಣದಿಂದಲೇ ಶುರುವಾದದ್ದು.

ಬ್ರಿಟಿಷ್ ಸೇನೆ ಬಿಟ್ಟು ಭಾರತೀಯ ಸೇನೆಗೆ ಯಾಕೆ ಬಂದರು?

ಎರಡು ಕಾರಣ. ಒಂದು, ದುಡ್ಡು. ಶಾಂತಿಕಾಲದಲ್ಲಿ ಬ್ರಿಟಿಷ್ ರೆಜಿಮೆಂಟಿನ ಅಧಿಕಾರಿಗೆ ಸಂಬಳ ಸಾಲುತ್ತಿರಲಿಲ್ಲ. ಮನೆಯಿಂದ ಹಣ ಬರಬೇಕಿತ್ತು. ಭಾರತೀಯ ಸೇನೆಯಲ್ಲಿ ಸಂಬಳದಲ್ಲೇ ಬದುಕಬಹುದಿತ್ತು. ಎರಡನೆಯದು ಗೂರ್ಖಾಗಳು. ಗಲಿಪೊಲಿಯಲ್ಲಿ ಅವರನ್ನು ನೋಡಿದ್ದು ಸ್ಲಿಮ್ ಮನಸ್ಸಿನಿಂದ ಹೋಗಲೇ ಇಲ್ಲ. 1919ರಲ್ಲಿ ಭಾರತೀಯ ಸೇನೆಗೆ ಬಂದರು. 1920ರಲ್ಲಿ ಅದೇ 6ನೇ ಗೂರ್ಖಾ ರೈಫಲ್ಸ್‌ನ ಮೊದಲ ಬೆಟಾಲಿಯನ್ ಸೇರಿದರು. ಅವರಿಗೆ ಉರ್ದೂ ಬರುತ್ತಿತ್ತು, ಗೂರ್ಖಾಗಳ ಮಾತೂ ಬರುತ್ತಿತ್ತು. ಸಿಪಾಯಿಯ ಜೊತೆ ನೇರವಾಗಿ ಮಾತಾಡುವ ಅಭ್ಯಾಸ ಬಂದದ್ದು ಈ ವರ್ಷಗಳಲ್ಲಿ.

20 ವರ್ಷ ದೊಡ್ಡ ಯುದ್ಧವೇ ಇಲ್ಲ. ಏನು ಮಾಡ್ತಾ ಇದ್ದರು?

ಕಲಿತರು, ಕಲಿಸಿದರು, ಕಾದರು. 1926ರಿಂದ ಕ್ವೆಟ್ಟಾದ ಸ್ಟಾಫ್ ಕಾಲೇಜಿನಲ್ಲಿ ಓದು. 1934ರಿಂದ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ಪಾಠ ಹೇಳುವ ಕೆಲಸ. ಬಡ್ತಿ ಮಾತ್ರ ಬಲು ನಿಧಾನ. ಲೆಫ್ಟಿನೆಂಟ್ ಕರ್ನಲ್ ಆಗಿ 7ನೇ ಗೂರ್ಖಾದ ಎರಡನೇ ಬೆಟಾಲಿಯನ್ ಕೈಗೆ ಬಂದದ್ದು 1938ರಲ್ಲಿ. ಆಗ ವಯಸ್ಸು 46.

ಕೈ ಬಿಗಿಯಿತ್ತು. ಹೆಂಡತಿ, ಇಬ್ಬರು ಮಕ್ಕಳು. ಖರ್ಚಿಗಾಗಿ ಅವರು ಆಂಥನಿ ಮಿಲ್ಸ್ ಎಂಬ ಹೆಸರಿನಲ್ಲಿ ಪತ್ರಿಕೆಗಳಿಗೆ ಕಥೆ ಬರೆದರು. ಅವರ ಗದ್ಯ ಅಷ್ಟು ತಿಳಿಯಾಗಿರುವುದಕ್ಕೆ ಈ ಅಭ್ಯಾಸವೇ ಕಾರಣ ಎಂದು ನನಗನಿಸುತ್ತದೆ. ದುಡ್ಡಿಗೆ ಬರೆಯುವವನು ಓದುಗನನ್ನು ಕಾಯಿಸುವಂತಿಲ್ಲವಲ್ಲ.

ಬೆಳಗಾವಿಯಲ್ಲಿ ಇದ್ದರು ಅಂತಾರೆ. ನಿಜವಾ?

ನಿಜ. 1939ರಲ್ಲಿ ಬೆಳಗಾವಿಯ ಸೀನಿಯರ್ ಆಫೀಸರ್ಸ್ ಸ್ಕೂಲಿನ ಮುಖ್ಯಸ್ಥರಾಗಿ ಬಂದರು. ಬೆಟಾಲಿಯನ್ ನಡೆಸಬೇಕಾದ ಅಧಿಕಾರಿಗಳಿಗೆ ತರಬೇತಿ ಕೊಡುವ ಶಾಲೆ ಅದು. ಆ ಹುದ್ದೆಯ ಜೊತೆ ಬ್ರಿಗೇಡಿಯರ್ ದರ್ಜೆ ಬಂತು. ಇದ್ದದ್ದು ಕೆಲವೇ ತಿಂಗಳು. ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು, 10ನೇ ಭಾರತೀಯ ಬ್ರಿಗೇಡಿನ ಹೊಣೆ ಸಿಕ್ಕಿತು, ಹೊರಟರು. ಆಗ ಅವರಿಗೆ 48 ವರ್ಷ. ಶಾಂತಿಕಾಲವೇ ಮುಂದುವರಿದಿದ್ದರೆ ಅವರ ಬಡ್ತಿ ಬೆಳಗಾವಿಯ ಆಚೆಗೆ ಜಾಸ್ತಿ ದೂರ ಹೋಗುತ್ತಿರಲಿಲ್ಲವೇನೋ.

## ಎರಡನೇ ಯುದ್ಧ: ಸೋಲಿನಿಂದ ಶುರು

ಮೊದಲ ಕಾಳಗವನ್ನೇ ಸೋತರಂತೆ, ಹೌದಾ?

ಹೌದು. 1940ರ ನವೆಂಬರ್. ಸುಡಾನ್ ಮತ್ತು ಇಥಿಯೋಪಿಯಾದ ಗಡಿಯಲ್ಲಿ ಗಲ್ಲಾಬಾತ್ ಎಂಬ ಕೋಟೆ. ಎದುರಿಗೆ ಇಟಲಿಯ ಪಡೆ. ಕೋಟೆಯನ್ನು ಸ್ಲಿಮ್ ಗೆದ್ದರು. ಆದರೆ ಗಡಿಯಾಚೆಯ ಮೆಟೆಮ್ಮಾ ಕೈಗೆ ಸಿಗಲಿಲ್ಲ. ಟ್ಯಾಂಕುಗಳು ಕೆಟ್ಟು ನಿಂತವು. ಇಟಲಿಯ ವಿಮಾನಗಳು ಮೇಲಿಂದ ಬಾಂಬು ಸುರಿದವು. ಒಂದು ಬೆಟಾಲಿಯನ್ನಿನ ಕೆಲವರು ಹೆದರಿ ಹಿಂದಕ್ಕೆ ಓಡಿದರು. ಸ್ಲಿಮ್ ಹಿಂದೆ ಸರಿದರು. ಶತ್ರುವೂ ಹೊರಡುವ ಯೋಚನೆಯಲ್ಲಿದ್ದ ಎಂದು ಆಮೇಲೆ ಗೊತ್ತಾಯಿತು.

ಈ ಸೋಲಿನ ಬಗ್ಗೆ ಅವರು ಮುಂದೆ ಬರೆದದ್ದು ನನಗೆ ತುಂಬಾ ಇಷ್ಟ. ನೆಪ ಬೇಕಾದಷ್ಟಿವೆ, ಕಾರಣ ಒಂದೇ, ಅದು ನಾನು ಎನ್ನುತ್ತಾರೆ. ಎರಡು ದಾರಿ ಇದ್ದಾಗ ಧೈರ್ಯದ ದಾರಿಯನ್ನು ತಾನು ಹಿಡಿಯಲಿಲ್ಲ ಎನ್ನುತ್ತಾರೆ. ಟ್ಯಾಂಕಿನ ಮೇಲೆ, ಓಡಿದವರ ಮೇಲೆ ಹಾಕಬಹುದಿತ್ತು. ಹಾಕಲಿಲ್ಲ. ಅವರ ಇಡೀ ಬದುಕನ್ನು ನಾನು ಈ ಒಂದು ಗುಣದ ಮೂಲಕವೇ ಓದುತ್ತೇನೆ.

1941ರ ಜನವರಿಯಲ್ಲಿ ಎರಿಟ್ರಿಯಾದಲ್ಲಿ ವಿಮಾನದಿಂದ ಹಾರಿದ ಗುಂಡು ತಗುಲಿ ಮೂರನೇ ಸಲ ಗಾಯಗೊಂಡರು.

ಕಾರ್ಯಪ್ಪ, ತಿಮ್ಮಯ್ಯ ಇವರ ಕೈಕೆಳಗೆ ಇದ್ದರಾ?

ಕಾರ್ಯಪ್ಪ ಇದ್ದರು. 1941ರಲ್ಲಿ ಸ್ಲಿಮ್ 10ನೇ ಭಾರತೀಯ ಡಿವಿಷನ್ನಿನ (ಡಿವಿಷನ್ ಅಂದರೆ ಕೆಲವು ಬ್ರಿಗೇಡು ಸೇರಿದ ಪಡೆ) ದಂಡನಾಯಕರಾಗಿ ಇರಾಕ್, ಸಿರಿಯಾ, ಇರಾನ್‌ನಲ್ಲಿ ಕೆಲಸ ಮಾಡಿದರು. ಅದೇ ಡಿವಿಷನ್ನಿನ ಕಚೇರಿಯಲ್ಲಿ ಕೊಡಗಿನ ಕೆ. ಎಂ. ಕಾರ್ಯಪ್ಪ ಸರಬರಾಜು ಮತ್ತು ಆಡಳಿತ ನೋಡಿಕೊಂಡರು. ಇಬ್ಬರೂ ಮುಂದೆ ತಂತಮ್ಮ ದೇಶದ ಸೇನೆಯ ಮುಖ್ಯಸ್ಥರಾದರು, ಇಬ್ಬರೂ ಫೀಲ್ಡ್ ಮಾರ್ಷಲ್ ಆದರು.

ಮಡಿಕೇರಿಯ ಕೆ. ಎಸ್. ತಿಮ್ಮಯ್ಯ ಅವರದು ಸ್ವಲ್ಪ ಬೇರೆ. ಅವರು ಬರ್ಮಾದ ಅರಾಕಾನ್ ಕರಾವಳಿಯಲ್ಲಿ 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ ನಡೆಸಿದರು. 1945ರ ಆರಂಭದಲ್ಲಿ ಕಂಗಾವ್ ಕದನದಲ್ಲಿ ಹೆಸರು ಗಳಿಸಿದರು. ಆದರೆ ಆ ಹೊತ್ತಿಗೆ ಅರಾಕಾನಿನ 15ನೇ ಕೋರನ್ನು (ಕೋರ್ ಅಂದರೆ ಕೆಲವು ಡಿವಿಷನ್ ಸೇರಿದ ಪಡೆ) ಸ್ಲಿಮ್ ಕೈಯಿಂದ ತೆಗೆದು ಮೇಲಿನ ಕಚೇರಿಗೆ ಸೇರಿಸಲಾಗಿತ್ತು.

1942ರಲ್ಲಿ ಬರ್ಮಾದಿಂದ ಓಡಿ ಬಂದದ್ದು ಇವರೇ ತಾನೆ?

ಹಿಮ್ಮೆಟ್ಟಿದ್ದು ಹೌದು, ಓಡಿ ಬಂದದ್ದಲ್ಲ. ಸ್ಲಿಮ್ ಬರ್ಮಾಕ್ಕೆ ಬಂದದ್ದೇ 1942ರ ಮಾರ್ಚಿನಲ್ಲಿ. ರಂಗೂನ್ ಮಾರ್ಚ್ 8ಕ್ಕೆ ಬಿದ್ದಿತ್ತು. ಆ ಬಂದರು ಕೈತಪ್ಪಿದ ಮೇಲೆ ಹೊಸ ಪಡೆ, ಸಾಮಾನು ಬರುವ ದಾರಿಯೇ ಇಲ್ಲ. ವಿಮಾನಗಳೂ ಹೆಚ್ಚುಕಮ್ಮಿ ಇಲ್ಲ. ಮಿಕ್ಕ ಎರಡು ಡಿವಿಷನ್ ಕಟ್ಟಿಕೊಂಡು ಸುಮಾರು 900 ಮೈಲಿ ಹಿಂದೆ ಸರಿಯಬೇಕಾಯಿತು. ದಾರಿಯಲ್ಲಿ ಯೆನಾಂಗ್ಯಾಂಗ್ ಎಣ್ಣೆ ಬಾವಿಗಳನ್ನು ತಾವೇ ಸುಟ್ಟರು. ಅಲ್ಲಿ ಸುತ್ತುವರಿಯಲ್ಪಟ್ಟ ಡಿವಿಷನ್ನನ್ನು ಬಿಡಿಸಲು ಚೀನಾದ ಸುನ್ ಲಿ-ಜೆನ್ ಅವರ ಡಿವಿಷನ್ ನೆರವಿಗೆ ಬಂತು. ಮೇ ತಿಂಗಳಲ್ಲಿ ಚಿಂದ್ವಿನ್ ನದಿ ದಾಟುವ ಹೊತ್ತಿಗೆ ಮಳೆ ಹಿಡಿಯಿತು.

ಅದೇ ದಾರಿಗಳಲ್ಲಿ ಬರ್ಮಾದಲ್ಲಿ ನೆಲೆಸಿದ್ದ ಲಕ್ಷಗಟ್ಟಲೆ ಭಾರತೀಯರೂ ಮಕ್ಕಳುಮರಿ ಕಟ್ಟಿಕೊಂಡು ನಡೆದರು. ಕಾಲರಾ, ಹಸಿವು, ದಣಿವಿನಿಂದ ಸತ್ತವರು ಸಾವಿರಾರು. ಸೇನೆಯ ಹಿಮ್ಮೆಟ್ಟುವಿಕೆಯ ಬಗ್ಗೆ ಓದುವಾಗ ಇವರನ್ನು ಮರೆಯಬಾರದು.

ಸ್ಲಿಮ್ ಪಡೆ ಇಂಫಾಲಕ್ಕೆ ಬಂದಾಗ ಬಟ್ಟೆ ಚಿಂದಿ, ಮೈಯಲ್ಲಿ ಮಲೇರಿಯಾ. ಆದರೆ ಪ್ರತಿಯೊಬ್ಬನ ಕೈಯಲ್ಲಿ ಬಂದೂಕಿತ್ತು. ಅವರು ಗುಂಪಾಗಿ ಬರಲಿಲ್ಲ, ಪಡೆಯಾಗಿ ಬಂದರು.

ಮೇಲಧಿಕಾರಿ ಇರ್ವಿನ್ ಜೊತೆ ಏನು ಜಗಳ?

ದಣಿದು ಬಂದ ಪಡೆಗೆ ಇಂಫಾಲದಲ್ಲಿ ಸರಿಯಾದ ಡೇರೆಯೂ ಇರಲಿಲ್ಲ. ಅಲ್ಲಿನ ದಂಡನಾಯಕ ನೋಯೆಲ್ ಇರ್ವಿನ್ ಒರಟಾಗಿ ಮಾತಾಡಿದರು. ಹಳೆಯ ಕಹಿಯೊಂದಿತ್ತು. ಗಲ್ಲಾಬಾತ್ ಬಳಿಕ ಸ್ಲಿಮ್ ಒಬ್ಬ ಬೆಟಾಲಿಯನ್ ಮುಖ್ಯಸ್ಥನನ್ನು ಕೆಲಸದಿಂದ ತೆಗೆದಿದ್ದರು. ಅದು ಇರ್ವಿನ್ ಅವರ ಸ್ವಂತ ರೆಜಿಮೆಂಟು. 1943ರಲ್ಲಿ ಅರಾಕಾನಿನ ದಾಳಿ ಮುಗ್ಗರಿಸಿದಾಗ ಕೊನೆ ಗಳಿಗೆಯಲ್ಲಿ ಸ್ಲಿಮ್ ಅವರನ್ನು ಅಲ್ಲಿಗೆ ಕಳಿಸಲಾಯಿತು. ತಪ್ಪು ಅವರ ತಲೆಗೆ ಬೀಳುವುದರಲ್ಲಿತ್ತು. ಕಡೆಗೆ ಹುದ್ದೆ ಕಳೆದುಕೊಂಡದ್ದು ಇರ್ವಿನ್.

## ಸೇನೆಯನ್ನು ಮತ್ತೆ ಕಟ್ಟಿದ್ದು

'ಮರೆತುಹೋದ ಸೇನೆ' ಅಂತ ಯಾಕೆ ಕರೀತಾರೆ?

1943ರ ಅಕ್ಟೋಬರಿನಲ್ಲಿ 14ನೇ ಸೇನೆ ಹುಟ್ಟಿತು, ಸ್ಲಿಮ್ ಅದರ ದಂಡನಾಯಕ. ಆಗ ಲಂಡನ್ನಿನ ಗಮನವೆಲ್ಲ ಯುರೋಪಿನ ಮೇಲೆ. ಒಳ್ಳೆಯ ಟ್ಯಾಂಕು, ವಿಮಾನ, ದೋಣಿ ಎಲ್ಲ ಅಲ್ಲಿಗೇ ಮೊದಲು. ಪತ್ರಿಕೆಗಳಲ್ಲಿ ಬರ್ಮಾದ ಸುದ್ದಿ ಅಪರೂಪ. ತಮ್ಮನ್ನು ಯಾರೂ ನೆನೆಯುತ್ತಿಲ್ಲ ಎಂದು ಸೈನಿಕರಿಗೇ ಅನಿಸಿತ್ತು. ಸ್ಲಿಮ್ ಜೀಪಿನ ಮೇಲೆ ಹತ್ತಿ ನಿಂತು ಒಂದೊಂದೇ ತುಕಡಿಯ ಜೊತೆ ಮಾತಾಡಿದರು. ಮುಂಚೂಣಿಯವರಿಗೆ ಅರ್ಧ ಊಟ ಆದಾಗ ತಮ್ಮ ಕಚೇರಿಗೂ ಅರ್ಧ ಊಟವೇ ಎಂದು ನಿಯಮ ಮಾಡಿದರು.

ಸೇನೆಯ ಲಾಂಛನವೂ ಸ್ಲಿಮ್ ಅವರದೇ ಚಿತ್ರ. ಅದರಲ್ಲಿ ಕತ್ತಿ ಕೆಳಮುಖವಾಗಿದೆ. ಉತ್ತರದಿಂದ ದಕ್ಷಿಣಕ್ಕೆ ಇಳಿದು ಬರ್ಮಾ ಗೆಲ್ಲಬೇಕು ಎಂಬ ಅರ್ಥ.

ಗುಂಡಿಗಿಂತ ಮಲೇರಿಯಾ ಜಾಸ್ತಿ ಜನರನ್ನ ಕೆಡವಿತು ಅಂತಾರೆ. ಇದು ಉತ್ಪ್ರೇಕ್ಷೆ ಅಲ್ವಾ?

ಅಲ್ಲವೇ ಅಲ್ಲ. ಸ್ಲಿಮ್ ಕೊಟ್ಟ ಲೆಕ್ಕ ನೋಡಿ. 1943ರಲ್ಲಿ ಗಾಯಗೊಂಡು ಹಿಂದಕ್ಕೆ ಹೋದ ಒಬ್ಬನಿಗೆ ಕಾಯಿಲೆಯಿಂದ ಹಿಂದಕ್ಕೆ ಹೋದವರು 120 ಜನ. ಮಲೇರಿಯಾ ಒಂದೇ ವರ್ಷಕ್ಕೆ ಒಟ್ಟು ಪಡೆಯ ಶೇಕಡಾ 84ರಷ್ಟು. ಅದರ ಮೇಲೆ ಆಮಶಂಕೆ, ಟೈಫಸ್ ಜ್ವರ. ಹೀಗೇ ಬಿಟ್ಟರೆ ಶತ್ರು ಬರುವ ಮೊದಲೇ ಸೇನೆ ಕರಗಿಹೋಗುತ್ತಿತ್ತು.

ಅವರು ಮಾಡಿದ್ದು ಇಷ್ಟು. ರೋಗಿಗಳನ್ನು ನೂರಾರು ಮೈಲಿ ದೂರದ ಭಾರತದ ಆಸ್ಪತ್ರೆಗೆ ಕಳಿಸುವ ಬದಲು ಮುಂಚೂಣಿಯ ಹಿಂದೆಯೇ ಡೇರೆಗಳಲ್ಲಿ ಚಿಕಿತ್ಸೆ ಶುರುಮಾಡಿಸಿದರು. ಮೊದಲಾದರೆ ಜ್ವರ ಬಂದವನು ತಿಂಗಳುಗಟ್ಟಲೆ ಕಾಣುತ್ತಿರಲಿಲ್ಲ. ಈಗ ವಾರಗಳಲ್ಲೇ ತನ್ನ ತುಕಡಿಗೆ ಮರಳಿದ. ತೀವ್ರ ಗಾಯಾಳುಗಳನ್ನು ವಿಮಾನದಲ್ಲಿ ಸಾಗಿಸಿದರು.

ಇನ್ನು ಮಲೇರಿಯಾ ತಡೆಯುವ ಮೆಪಕ್ರಿನ್ ಮಾತ್ರೆ. ದಿನಾ ನುಂಗಬೇಕು. ಮೈ ಹಳದಿಯಾಗುತ್ತದೆ. ಗಂಡಸುತನ ಹೋಗುತ್ತದೆ ಎಂಬ ಸುದ್ದಿ ಬೇರೆ ಹಬ್ಬಿ, ಸೈನಿಕರು ಕದ್ದು ಉಗುಳುತ್ತಿದ್ದರು. ಸ್ಲಿಮ್ ಹೇಳದೆ ಕೇಳದೆ ತುಕಡಿಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ಶೇಕಡಾ 95ಕ್ಕಿಂತ ಕಡಿಮೆ ಜನರ ರಕ್ತದಲ್ಲಿ ಮಾತ್ರೆ ಕಂಡರೆ ತುಕಡಿಯ ಮುಖ್ಯಸ್ಥನೇ ಮನೆಗೆ. ಮೂವರನ್ನು ತೆಗೆದರು. ನಾಲ್ಕನೆಯವನನ್ನು ತೆಗೆಯುವ ಅಗತ್ಯ ಬೀಳಲಿಲ್ಲ. 1945ರ ಹೊತ್ತಿಗೆ ಕಾಯಿಲೆ ಬೀಳುವವರು ದಿನಕ್ಕೆ ಸಾವಿರಕ್ಕೆ ಒಬ್ಬರಿಗೆ ಇಳಿದರು.

ಸಿಪಾಯಿಯನ್ನು ಬಿಟ್ಟು ಅಧಿಕಾರಿಯನ್ನು ಹೊಣೆ ಮಾಡಿದ್ದು ಇಲ್ಲಿನ ಮುಖ್ಯ ಸಂಗತಿ. ತಪ್ಪಿನ ಲೆಕ್ಕ ಮೇಲಿನವನಿಂದ ಶುರುವಾಗಬೇಕು ಎಂಬುದನ್ನು ಅವರು ಗಲ್ಲಾಬಾತ್‌ನಲ್ಲಿ ತಮಗೇ ಅನ್ವಯಿಸಿಕೊಂಡಿದ್ದರು. ಇಲ್ಲಿ ಇಡೀ ಸೇನೆಗೆ ಅನ್ವಯಿಸಿದರು.

ಸೆಣಬಿನ ಪ್ಯಾರಾಚೂಟ್ ಕಥೆ ನಿಜವಾ?

ನಿಜ. ಆಹಾರ, ಮದ್ದುಗುಂಡು ಎಲ್ಲವನ್ನೂ ವಿಮಾನದಿಂದ ಇಳಿಸಬೇಕು. ಅದಕ್ಕೆ ಬೇಕಾದಷ್ಟು ರೇಷ್ಮೆಯ ಪ್ಯಾರಾಚೂಟ್ ಇಲ್ಲ, ಕೇಳಿದರೂ ಬರುವುದಿಲ್ಲ. ಬಂಗಾಳದಲ್ಲಿ ಇದ್ದದ್ದು ಸೆಣಬು. ಸ್ಲಿಮ್ ಅವರ ಸರಬರಾಜು ಮುಖ್ಯಸ್ಥ ಸ್ನೆಲಿಂಗ್ ಕಲ್ಕತ್ತಾದ ಸೆಣಬಿನ ಗಿರಣಿಯವರ ಜೊತೆ ಕೂತು ಸೆಣಬಿನದೇ ಪ್ಯಾರಾಚೂಟ್ ಮಾಡಿಸಿದರು. ಮನುಷ್ಯರಿಗೆ ಆಗದು, ಸಾಮಾನಿಗೆ ಧಾರಾಳ. ಬೆಲೆ ಮಾಮೂಲಿ ಪ್ಯಾರಾಚೂಟಿನ ಬಹಳ ಸಣ್ಣ ಭಾಗ.

ರಸ್ತೆಗೂ ಸೆಣಬೇ. ಗೋಣಿಬಟ್ಟೆಯನ್ನು ಡಾಂಬರಿನಲ್ಲಿ ಅದ್ದಿ ಮಣ್ಣಿನ ಮೇಲೆ ಹಾಸಿದರು. ಕಲ್ಲು ಸಿಗದ ಜಾಗದಲ್ಲಿ ಅದೇ ರಸ್ತೆ. ಚಿಂದ್ವಿನ್ ದಡದ ಕಲೇವಾದಲ್ಲಿ ಮರ ಕಡಿದು ದೋಣಿ ಕಟ್ಟಿದರು. ಅಲ್ಲೇ ನದಿಗೆ 1,154 ಅಡಿ ಉದ್ದದ ಬೈಲಿ ಸೇತುವೆ, ಅಂದರೆ ಬಿಡಿಭಾಗ ತಂದು ಜೋಡಿಸುವ ಉಕ್ಕಿನ ಸೇತುವೆ, ಹಾಕಿದರು. ಆಗ ಜಗತ್ತಿನಲ್ಲೇ ಅಷ್ಟುದ್ದದ ಬೈಲಿ ಸೇತುವೆ ಇನ್ನೊಂದಿರಲಿಲ್ಲ.

## ಕದನಗಳ ಒಳಗೆ

ಜಪಾನೀಯರು ಸುತ್ತುವರಿದರೆ ಎಲ್ಲರೂ ಸೋಲ್ತಿದ್ದರು. ಸ್ಲಿಮ್ ಏನು ಬದಲಾಯಿಸಿದರು?

ಅಲ್ಲಿವರೆಗೆ ಆಗುತ್ತಿದ್ದದ್ದು ಹೀಗೆ. ಜಪಾನಿನ ತುಕಡಿ ಕಾಡಿನಲ್ಲಿ ನುಸುಳಿ ಹಿಂದಿನ ರಸ್ತೆ ಕಡಿಯುತ್ತಿತ್ತು. ದಾರಿ ಹೋಯಿತು ಎಂದು ಇವರು ಹಿಂದೆ ಸರಿಯುತ್ತಿದ್ದರು. ಸ್ಲಿಮ್ ಹೇಳಿದ್ದು: ದಾರಿ ಕಡಿದರೆ ಕಡಿಯಲಿ, ಕದಲಬೇಡಿ, ಊಟ ಆಕಾಶದಿಂದ ಬರುತ್ತದೆ. ಆಗ ಸುತ್ತುವರಿಯಲ್ಪಟ್ಟವನು ಶತ್ರುವೇ ಆಗುತ್ತಾನೆ.

1944ರ ಫೆಬ್ರವರಿಯಲ್ಲಿ ಅರಾಕಾನಿನಲ್ಲಿ ಇದರ ಪರೀಕ್ಷೆಯಾಯಿತು. 7ನೇ ಭಾರತೀಯ ಡಿವಿಷನ್ನಿನ ಸರಬರಾಜು ನೆಲೆಯನ್ನು ಜಪಾನೀಯರು ಮುತ್ತಿದರು. ಗುಮಾಸ್ತರು, ಅಡುಗೆಯವರು, ಹೇಸರಗತ್ತೆ ನೋಡಿಕೊಳ್ಳುವವರೂ ಬಂದೂಕು ಹಿಡಿದರು. ಮೂರು ವಾರದ ಹತ್ತಿರ ನಿಂತರು. ವಿಮಾನಗಳು ಸಾಮಾನು ಇಳಿಸಿದವು. ಹಸಿದದ್ದು ಜಪಾನೀಯರು. 'ಅಡ್ಮಿನ್ ಬಾಕ್ಸ್' ಎಂದು ಹೆಸರಾದ ಕದನ ಇದು.

ಇಂಫಾಲ-ಕೊಹಿಮಾದಲ್ಲಿ ಸ್ಲಿಮ್ ತಪ್ಪು ಮಾಡಿದ್ದರು ಅಂತ ಓದಿದೆ. ಗೆದ್ದ ಮೇಲೆ ತಪ್ಪು ಹೇಗೆ?

ಗೆದ್ದರೂ ತಪ್ಪು ತಪ್ಪೇ. ಅದನ್ನು ಬರೆದು ಒಪ್ಪಿಕೊಂಡವರೂ ಅವರೇ.

1944ರ ಮಾರ್ಚಿನಲ್ಲಿ ಮುತಾಗುಚಿಯ ಜಪಾನಿ ಸೇನೆ ಮೂರು ಡಿವಿಷನ್ ಕಟ್ಟಿಕೊಂಡು ಬಂತು. ಸ್ಲಿಮ್ ಯೋಜನೆ ಸರಳವಿತ್ತು. ಟಿಡ್ಡಿಂ ಮತ್ತು ತಾಮು ರಸ್ತೆಗಳಲ್ಲಿದ್ದ ತನ್ನ ಡಿವಿಷನ್ನುಗಳನ್ನು ಇಂಫಾಲದ ಬಯಲಿಗೆ ಎಳೆದುಕೊಳ್ಳುವುದು. ಶತ್ರು ಹಿಂದೆಯೇ ಬರಲಿ. ಅವನ ಬೆನ್ನಿಗೆ ಚಿಂದ್ವಿನ್ ನದಿ, ಗುಡ್ಡ, ಮುಂದೆ ಮಳೆಗಾಲ. ಆಗ ಹೊಡೆಯುವುದು.

ಮೊದಲ ತಪ್ಪು, ಯಾವಾಗ ಹಿಂದೆ ಸರಿಯಬೇಕು ಎಂಬ ತೀರ್ಮಾನವನ್ನು ಕೆಳಗಿನವರಿಗೆ ಬಿಟ್ಟದ್ದು. ಅಪ್ಪಣೆ ತಡವಾಯಿತು. 17ನೇ ಡಿವಿಷನ್ ಟಿಡ್ಡಿಂ ರಸ್ತೆಯಲ್ಲಿ ಹೋರಾಡುತ್ತಲೇ ದಾರಿ ಬಿಡಿಸಿಕೊಂಡು ಬರಬೇಕಾಯಿತು. ಎರಡನೆಯದು ಇನ್ನೂ ದೊಡ್ಡದು. ಕೊಹಿಮಾದ ಗುಡ್ಡಗಾಡಿನಲ್ಲಿ ಜಪಾನೀಯರು ಒಂದು ರೆಜಿಮೆಂಟಿಗಿಂತ ಹೆಚ್ಚು ತರಲಾರರು ಎಂದು ಅಂದಾಜಿಸಿದ್ದರು. ಬಂದದ್ದು ಸಾತೋ ನಡೆಸಿದ ಪೂರ್ತಿ 31ನೇ ಡಿವಿಷನ್.

ಕೊಹಿಮಾದಲ್ಲಿದ್ದ ಸಣ್ಣ ಪಡೆ ಏಪ್ರಿಲ್ ಮೊದಲ ವಾರದಿಂದ ಎರಡು ವಾರ ನಿಂತಿತು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಅಷ್ಟು ಹತ್ತಿರ. ಅರಾಕಾನಿನಿಂದ 5ನೇ ಭಾರತೀಯ ಡಿವಿಷನ್ನನ್ನು ವಿಮಾನದಲ್ಲಿ ಎತ್ತಿ ತಂದರು. ಅದಕ್ಕೆ ಬೇಕಾದ ವಿಮಾನಗಳನ್ನು ಚೀನಾದ ಸರಬರಾಜಿನಿಂದ ಬಿಡಿಸಿಕೊಟ್ಟದ್ದು ಆಗ್ನೇಯ ಏಷ್ಯಾದ ಸರ್ವೋಚ್ಚ ದಂಡನಾಯಕ ಮೌಂಟ್‌ಬ್ಯಾಟನ್. ಸಾತೋ ಕೊಹಿಮಾದಲ್ಲೇ ತಲೆ ಚಚ್ಚಿಕೊಂಡರು. ಮುಂದಿನ ದಿಮಾಪುರದ ರೈಲು ನೆಲೆಗೆ ಹೋಗಿದ್ದರೆ ಕಥೆ ಬೇರೆ ಆಗುತ್ತಿತ್ತು ಎಂದು ಸ್ಲಿಮ್ ಬರೆಯುತ್ತಾರೆ. ಜೂನ್ 22ಕ್ಕೆ ಇಂಫಾಲ-ಕೊಹಿಮಾ ರಸ್ತೆ ತೆರೆಯಿತು. ಮಳೆ ಸುರಿಯುತ್ತಿದ್ದರೂ ಬೆನ್ನಟ್ಟಿ ಎಂದರು ಸ್ಲಿಮ್. ಜಪಾನಿನ ಕಡೆ ಸತ್ತವರು, ಗಾಯಗೊಂಡವರು ಸೇರಿ 50,000ಕ್ಕೂ ಹೆಚ್ಚು. ಅದರಲ್ಲಿ ಹಸಿವಿಗೆ, ಕಾಯಿಲೆಗೆ ಬಿದ್ದವರು ಅಸಂಖ್ಯ.

ಅದೇ ಡಿಸೆಂಬರಿನಲ್ಲಿ ಇಂಫಾಲದಲ್ಲೇ ವೈಸ್‌ರಾಯ್ ವೇವೆಲ್ ಸ್ಲಿಮ್‌ಗೆ ನೈಟ್ ಪದವಿ ಕೊಟ್ಟರು.

ವಿಂಗೇಟ್ ಮತ್ತು ಸ್ಲಿಮ್ ನಡುವೆ ಹೇಗಿತ್ತು?

ಗೌರವ ಇತ್ತು, ಭಿನ್ನಮತವೂ ಇತ್ತು. ವಿಂಗೇಟ್ ಶತ್ರುವಿನ ಬೆನ್ನ ಹಿಂದೆ ಹೋರಾಡುವ 'ಚಿಂದಿತ್' ಎಂಬ ವಿಶೇಷ ಪಡೆಯ ದಂಡನಾಯಕ. 1944ರ ಮಾರ್ಚ್ 5ರಂದು ಆ ಪಡೆ ಗ್ಲೈಡರುಗಳಲ್ಲಿ ಹಾರುವ ಮುನ್ನ ಒಂದು ಫೋಟೋ ಬಂತು. ಇಳಿಯಬೇಕಾದ ಜಾಗದಲ್ಲಿ ಮರದ ದಿಮ್ಮಿಗಳು! ಹೋಗುವುದೋ ಬಿಡುವುದೋ? ಹೋಗಿ ಎಂದವರು ಸ್ಲಿಮ್. ಮೂರು ವಾರ ಕಳೆಯುವ ಮೊದಲೇ ಮಣಿಪುರದ ಗುಡ್ಡದಲ್ಲಿ ವಿಮಾನ ಬಿದ್ದು ವಿಂಗೇಟ್ ಸತ್ತರು. ವಿಶೇಷ ಪಡೆಗಳು ಮಾಮೂಲಿ ತುಕಡಿಗಳಿಂದ ಒಳ್ಳೆಯವರನ್ನು ಹೀರಿಕೊಳ್ಳುತ್ತವೆ, ಪ್ರತಿ ಸೈನಿಕನೂ ಕಾಡಿನಲ್ಲಿ ಹೋರಾಡಲು ಕಲಿಯಬೇಕು ಎಂಬುದು ಸ್ಲಿಮ್ ನಿಲುವು.

ಮೇಕ್ತಿಲಾ ಅವರ ಅತ್ಯುತ್ತಮ ಕದನ ಅಂತಾರಲ್ಲ, ಅದರಲ್ಲಿ ಅಂಥದ್ದೇನಿದೆ?

1944ರ ಕೊನೆಗೆ ಐರಾವತಿ ನದಿಯ ಈಚೆಗೇ ಜಪಾನೀಯರನ್ನು ಮುಗಿಸುವ ಯೋಜನೆ ಇತ್ತು. ಜಪಾನಿನ ಹೊಸ ದಂಡನಾಯಕ ಕಿಮುರಾ ನದಿಯ ಆಚೆಗೆ ಸರಿದುಬಿಟ್ಟ. ತನ್ನ ಅಂದಾಜು ತಪ್ಪಿತು ಎಂದು ಗೊತ್ತಾದ ಕೂಡಲೇ ಸ್ಲಿಮ್ ಆ ಯೋಜನೆಯನ್ನು ಬಿಟ್ಟರು. ಅದಕ್ಕೆ ಅಂಟಿಕೊಂಡು ಕೂರಲಿಲ್ಲ.

ಹೊಸ ಯೋಜನೆ ಹೀಗಿತ್ತು. 33ನೇ ಕೋರ್ ಉತ್ತರದಿಂದ ಮಂಡಲೆಯ ಕಡೆ ಎಲ್ಲರಿಗೂ ಕಾಣುವಂತೆ ನುಗ್ಗುವುದು. 4ನೇ ಕೋರ್ ಪಶ್ಚಿಮದ ಕಣಿವೆಯಲ್ಲಿ ಸುಮಾರು 300 ಮೈಲಿ ಗುಟ್ಟಾಗಿ ಇಳಿಯುವುದು. ಆ ಕೋರ್ ಹಳೆಯ ಜಾಗದಲ್ಲೇ ಇದೆ ಎಂದು ನಂಬಿಸಲು ಅಲ್ಲಿ ಸುಳ್ಳು ವೈರ್‌ಲೆಸ್ ಕಚೇರಿ ಮಾತಾಡುತ್ತಲೇ ಇತ್ತು. ಕಿಮುರಾ ಪಡೆಯನ್ನೆಲ್ಲ ಮಂಡಲೆಯ ಕಡೆ ಎಳೆದ. ಫೆಬ್ರವರಿ 14ರಂದು 7ನೇ ಭಾರತೀಯ ಡಿವಿಷನ್ ನ್ಯಾಂಗೂ ಬಳಿ ಐರಾವತಿ ದಾಟಿತು. ದೋಣಿಗಳು ಹಳೆಯವು, ಸಾಲದು ಬೇರೆ. ಮೊದಲ ಸುತ್ತು ಚೆದುರಿತು. ಆದರೂ ದಾಟಿದರು. ಅಲ್ಲಿಂದ 17ನೇ ಡಿವಿಷನ್ ಟ್ಯಾಂಕುಗಳ ಜೊತೆ ಓಡಿ ಮಾರ್ಚ್ ಮೊದಲ ವಾರದಲ್ಲಿ ಮೇಕ್ತಿಲಾ ಹಿಡಿಯಿತು. ರೈಲು, ರಸ್ತೆ, ವಿಮಾನ ನೆಲೆ, ಉಗ್ರಾಣ ಎಲ್ಲ ಇದ್ದ ಊರು ಅದು. ಅದು ಹೋದ ಮೇಲೆ ಮಂಡಲೆಯ ಜಪಾನೀಯರಿಗೆ ಊಟವೂ ಇಲ್ಲ, ಗುಂಡೂ ಇಲ್ಲ. ಮಾರ್ಚ್ 20ಕ್ಕೆ ಮಂಡಲೆ, ಮೇ ಆರಂಭಕ್ಕೆ ರಂಗೂನ್.

17ನೇ ಡಿವಿಷನ್ 1942ರಲ್ಲಿ ಬರ್ಮಾದಿಂದ ಸೋತು ನಡೆದು ಬಂದ ಪಡೆ. ಅದನ್ನೇ ಈ ಕೆಲಸಕ್ಕೆ ಮುಂದೆ ಬಿಟ್ಟದ್ದು ಓದಿದಾಗೆಲ್ಲ ನನ್ನ ಗಂಟಲು ಬಿಗಿಯುತ್ತದೆ.

## ಕಷ್ಟದ ಪ್ರಶ್ನೆಗಳು

ನೇತಾಜಿಯ ಆಜಾದ್ ಹಿಂದ್ ಫೌಜ್ ವಿರುದ್ಧ ಹೋರಾಡಿದವರನ್ನ ಹೊಗಳೋದು ಸರಿಯಾ?

ಈ ಪ್ರಶ್ನೆಯ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಇಂಫಾಲದಲ್ಲಿ ಎರಡೂ ಕಡೆ ಭಾರತೀಯರಿದ್ದರು. 1944ರ ಏಪ್ರಿಲಿನಲ್ಲಿ ಮಣಿಪುರದ ಮೊಯಿರಾಂಗ್‌ನಲ್ಲಿ ಫೌಜ್ ತ್ರಿವರ್ಣ ಧ್ವಜ ಹಾರಿಸಿತು. ಅದೇ ಬಯಲಿನ ಇನ್ನೊಂದು ತುದಿಯಲ್ಲಿ ಸ್ಲಿಮ್ ಅವರ ಭಾರತೀಯ ಸಿಪಾಯಿಗಳು ಸಾಯುತ್ತಿದ್ದರು.

ಸ್ಲಿಮ್ ಫೌಜನ್ನು ಸೈನಿಕನ ಕಣ್ಣಿನಿಂದಷ್ಟೇ ನೋಡಿದರು, ಹಗುರವಾಗಿ ಬರೆದರು. ಫೌಜಿನವರ ಹಿಂದಿದ್ದ ಸ್ವಾತಂತ್ರ್ಯದ ಹಸಿವು ಸ್ಲಿಮ್‌ಗೆ ಕಾಣಲಿಲ್ಲ. ಇದು ಅವರ ಬರಹದ ಕೊರತೆ. ಆದರೆ ಶರಣಾಗಲು ಬಂದ ಫೌಜಿನವರ ಮೇಲೆ ತಮ್ಮ ಪಡೆಯವರು ಸಿಟ್ಟು ತೀರಿಸಿಕೊಳ್ಳುತ್ತಿದ್ದರು, ಅದನ್ನು ನಿಲ್ಲಿಸಲು ಅಪ್ಪಣೆ ಕೊಡಬೇಕಾಯಿತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ನನ್ನ ಮಟ್ಟಿಗೆ ಎರಡೂ ಕಡೆಯ ಭಾರತೀಯರನ್ನು ನೆನೆಯಬಹುದು. ಒಬ್ಬರನ್ನು ನೆನೆಯಲು ಇನ್ನೊಬ್ಬರನ್ನು ಅಳಿಸಬೇಕಿಲ್ಲ.

1942ರ ಚಳವಳಿ ಹತ್ತಿಕ್ಕಿದ್ದರಲ್ಲಿ ಇವರ ಕೈ ಇತ್ತಾ?

ಇತ್ತು. ಆಗ ಅವರ 15ನೇ ಕೋರ್ ಕಲ್ಕತ್ತಾ ಬಳಿಯ ಬ್ಯಾರಕ್‌ಪುರದಲ್ಲಿತ್ತು. ಪೂರ್ವ ಭಾರತದ ಒಳಗಿನ ಭದ್ರತೆಯೂ ಅವರ ಹೊಣೆಯಾಗಿತ್ತು. ಕ್ವಿಟ್ ಇಂಡಿಯಾ ಹೊತ್ತಿನಲ್ಲಿ ರೈಲು ದಾರಿ ಕಿತ್ತಾಗ ಸೈನ್ಯ ಕಳಿಸಿದರು. ಅವರ ಕಣ್ಣಿಗೆ ಅದು ಗಡಿಗೆ ಹೋಗುವ ಸರಬರಾಜಿನ ಪ್ರಶ್ನೆ. ನಮಗೆ ಅದು ಸ್ವಾತಂತ್ರ್ಯದ ಪ್ರಶ್ನೆ. ಇಲ್ಲಿ ನಾನು ಅವರ ಪರ ವಾದಿಸುವುದಿಲ್ಲ.

ಗೆದ್ದ ಮೇಲೆ ಕೆಲಸದಿಂದ ತೆಗೆದರಂತೆ?

ರಂಗೂನ್ ಸಿಕ್ಕ ಕೆಲವೇ ದಿನಕ್ಕೆ ಮೇಲಧಿಕಾರಿ ಆಲಿವರ್ ಲೀಸ್ ಬಂದು, ಮುಂದಿನ ಮಲಯಾ ದಾಳಿಗೆ ಬೇರೆಯವರು ಎಂದರು. ಸ್ಲಿಮ್‌ಗೆ ಬರ್ಮಾದಲ್ಲಿ ಉಳಿದ ಸಣ್ಣ ಕೆಲಸ. ಸ್ಲಿಮ್ ಒಪ್ಪಲಿಲ್ಲ. ಸುದ್ದಿ ಹಬ್ಬಿ ಸೇನೆಯಲ್ಲಿ ಅಸಮಾಧಾನ ಎದ್ದಿತು. ಲಂಡನ್ನಿಗೂ ಸರಿ ಕಾಣಲಿಲ್ಲ. ಕೊನೆಗೆ ಹೋದದ್ದು ಲೀಸ್, ಅವರ ಜಾಗಕ್ಕೆ ಬಂದದ್ದು ಸ್ಲಿಮ್.

ಯುದ್ಧ ಮುಗಿದ ಮೇಲೆ?

1948ರಲ್ಲಿ ನಿವೃತ್ತರಾಗಿ ಬ್ರಿಟಿಷ್ ರೈಲ್ವೆಯ ಆಡಳಿತಕ್ಕೆ ಸೇರಿದ್ದರು. ಪ್ರಧಾನಿ ಅಟ್ಲಿ ವಾಪಸ್ ಕರೆದು ಸೇನಾ ಮುಖ್ಯಸ್ಥನ ಹುದ್ದೆ ಕೊಟ್ಟರು. ಆ ಹುದ್ದೆ ಬಿಟ್ಟು ಹೊರಡುತ್ತಿದ್ದ ಮಾಂಟ್ಗೊಮರಿಗೆ ಬೇರೊಬ್ಬರು ಬೇಕಿತ್ತು, ಆ ಇನ್ನೊಬ್ಬರಿಗೆ ಆಗಲೇ ಹೇಳಿಯೂ ಆಗಿತ್ತು. ಹೇಳಿದ್ದನ್ನು ಹಿಂದಕ್ಕೆ ತಗೊಳ್ಳಿ ಎಂದರಂತೆ ಅಟ್ಲಿ. ಭಾರತೀಯ ಸೇನೆಯಿಂದ ಬಂದು ಆ ಕುರ್ಚಿಯಲ್ಲಿ ಕೂತ ಮೊದಲಿಗರು ಸ್ಲಿಮ್. 1949ರ ಜನವರಿಯಲ್ಲಿ ಫೀಲ್ಡ್ ಮಾರ್ಷಲ್. 1953ರಿಂದ 1960ರವರೆಗೆ ಆಸ್ಟ್ರೇಲಿಯಾದ ಗವರ್ನರ್ ಜನರಲ್.

ಆಸ್ಟ್ರೇಲಿಯಾದಲ್ಲಿ ಅವರ ಹೆಸರಿನ ರಸ್ತೆ ಯಾಕೆ ಬದಲಾಯಿತು?

ಬ್ರಿಟನ್ನಿನಿಂದ ಅಲ್ಲಿಗೆ ಕಳಿಸಿದ್ದ ಮಕ್ಕಳ ವಸತಿ ಶಾಲೆಯೊಂದಕ್ಕೆ ಭೇಟಿ ಕೊಟ್ಟಾಗ ಸ್ಲಿಮ್ ತಮ್ಮೊಡನೆ ಅಸಭ್ಯವಾಗಿ ನಡೆದುಕೊಂಡರು ಎಂದು ಅಲ್ಲಿ ಬೆಳೆದ ಕೆಲವರು ದಶಕಗಳ ಬಳಿಕ ಹೇಳಿದರು. ಅಷ್ಟರಲ್ಲಿ ಸ್ಲಿಮ್ ಸತ್ತು ಬಹಳ ಕಾಲವಾಗಿತ್ತು. ನ್ಯಾಯಾಲಯದಲ್ಲಿ ವಿಚಾರಣೆ ನಡೆಯಲಿಲ್ಲ. ಕ್ಯಾನ್ಬೆರಾದ ರಸ್ತೆಗೆ ಇದ್ದ ಅವರ ಹೆಸರನ್ನು ತೆಗೆದರು. ಆ ಮಕ್ಕಳ ಮಾತನ್ನು ತಳ್ಳಿಹಾಕುವ ಹಕ್ಕು ನನಗಿಲ್ಲ. ಸ್ಲಿಮ್ ಬಗ್ಗೆ ಹೇಳುವಾಗ ಇದನ್ನು ಬಿಟ್ಟು ಹೇಳುವುದೂ ತಪ್ಪು.

ಅವರ ಪುಸ್ತಕವನ್ನೇ ನಂಬಬಹುದಾ?

1956ರಲ್ಲಿ ಬಂದ ಅವರ 'ಡಿಫೀಟ್ ಇನ್‌ಟು ವಿಕ್ಟರಿ' ಬರ್ಮಾ ಯುದ್ಧದ ನೆನಪು. ಎಲ್ಲ ದಂಡನಾಯಕರ ನೆನಪಿನ ಹಾಗೆ ಅದೂ ಒಂದು ಕಡೆಯಿಂದ ಕಂಡದ್ದು. ಫೌಜಿನ ಬಗ್ಗೆ, ಚಳವಳಿಯ ಬಗ್ಗೆ ಬೇರೆ ಪುಸ್ತಕಗಳನ್ನು ಜೊತೆಗಿಟ್ಟುಕೊಳ್ಳಿ. ಕದನದ ವಿಷಯದಲ್ಲಿ ಮಾತ್ರ ಅದು ಭರವಸೆ ಹುಟ್ಟಿಸುತ್ತದೆ. ಬರೆದವರು ತಮ್ಮ ತಪ್ಪನ್ನು ಮೊದಲು ಎಣಿಸುತ್ತಾರೆ.

ಇದೆಲ್ಲದರ ಕುರುಹು ನೋಡಬೇಕು ಅಂದ್ರೆ ಎಲ್ಲಿಗೆ ಹೋಗಬೇಕು?

ಸ್ಲಿಮ್ ಪ್ರತಿಮೆ ಲಂಡನ್ನಿನ ವೈಟ್‌ಹಾಲ್‌ನಲ್ಲಿದೆ, 1990ರಲ್ಲಿ ಇಟ್ಟದ್ದು. ಆದರೆ ಸಾಧ್ಯವಾದರೆ ಕೊಹಿಮಾಕ್ಕೆ ಹೋಗಿ. ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಯುದ್ಧ ಸ್ಮಶಾನವಿದೆ, 1,420 ಸಮಾಧಿಗಳು. ನಡುವೆ ಆ ಟೆನಿಸ್ ಅಂಗಳದ ಬಿಳಿ ಗೆರೆಗಳನ್ನು ಈಗಲೂ ಉಳಿಸಿದ್ದಾರೆ. ಅಲ್ಲಿಂದ ಇನ್ನಷ್ಟು ಮೇಲೆ ಹತ್ತಿ. ತುದಿಯಲ್ಲಿ ಇನ್ನೊಂದು ಸ್ಮಾರಕ. ಅದರಲ್ಲಿ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರುಗಳಿವೆ. ಅವರನ್ನು ಸುಟ್ಟದ್ದರಿಂದ ಸಮಾಧಿ ಇಲ್ಲ, ಹೆಸರು ಮಾತ್ರ ಇದೆ. ಹೋದವರು ನಿಂತು ಕೆಲವನ್ನಾದರೂ ಓದಿ ಬನ್ನಿ.